ದೊಡ್ಡರೋಗ, ರಕ್ತರಸ, ಮಹಾಭಕ್ಷಕ: ಕಡೂರು ಸೀಮೆಯ ಕಾವಲುಗಳಿಂದ ಒಂದು ವಿಜ್ಞಾನ ಚರಿತ್ರೆ

೧

ಹಿಂದಿನ ಮೈಸೂರು ಸಂಸ್ಥಾನದಲ್ಲಿ ಕಡೂರು ಜಿಲ್ಲೆಯೆನಿಸಿಕೊಂಡು, ಇಂದು ಚಿಕ್ಕಮಗಳೂರು ಜಿಲ್ಲೆಯೆಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಸೀಮೆಯು ಪ್ರಕೃತಿಯಿಂದಲೇ ಎರಡು ಭಾಗವಾಗಿದೆ. ಪಶ್ಚಿಮದಲ್ಲಿ ಬಾಬಾಬುಡನ್ ಗಿರಿಗಳೂ ಮಲೆನಾಡೂ ಇವೆ. ಪೂರ್ವದಲ್ಲಿ ಮಳೆ ಕಡಮೆಯಾದ ಬಯಲುಸೀಮೆಯು ಹರಡಿದೆ. ಕಡೂರು ತಾಲ್ಲೂಕಿನ ಸಿಂಗಟಗೆರೆ ಹೋಬಳಿಯೂ, ಹಿಂದೆ ತರೀಕೆರೆ ತಾಲ್ಲೂಕಿಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾದ ಅಜ್ಜಂಪುರವೂ ಈ ಪೂರ್ವಭಾಗದಲ್ಲಿವೆ. ಕೆರೆಯ ನೀರು ಕೈಕೊಟ್ಟ ವರ್ಷ ಬೆಳೆ ಹೋದರೂ, ಹುಲ್ಲುಗಾವಲನ್ನು ನಂಬಿ ದನವನ್ನು ಉಳಿಸಿಕೊಂಡವನು ಬದುಕಿಕೊಳ್ಳುತ್ತಿದ್ದನು. ಆದುದರಿಂದ ಈ ನಾಡಿನ ಚರಿತ್ರೆಯನ್ನು ಶಾಸನಗಳಲ್ಲಿಯೂ ದೇವಾಲಯಗಳಲ್ಲಿಯೂ ಹುಡುಕುವಂತೆಯೇ ಕಾವಲುಗಳಲ್ಲಿಯೂ ಹುಡುಕಬೇಕಾಗಿದೆ.

ಮೈಸೂರಿನ ಅರಸರ ಗೋಸಂಪತ್ತಿನ ವೃತ್ತಾಂತವು ಬಹುಮಟ್ಟಿಗೆ ತಿಳಿದಿರುವುದೇ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (೧೬೭೩–೧೭೦೪) ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಇಲಾಖೆಯನ್ನು ಹೈದರಾಲಿಯು ಬೆಳೆಯಿಸಿದನು; ಟಿಪ್ಪುವು ಅದಕ್ಕೆ ‘ಅಮೃತಮಹಲ್’ ಎಂಬ ಹೆಸರನ್ನಿತ್ತನು. ಹೆಸರು ಹಾಲುಬೆಣ್ಣೆಯನ್ನು ಸೂಚಿಸಿದರೂ, ಈ ತಳಿಯು ಖ್ಯಾತಿಗೆ ಬಂದುದು ಫಿರಂಗಿಯ ಬಂಡಿಗಳನ್ನು ದಣಿವಿಲ್ಲದೆ ಎಳೆದ ಎತ್ತುಗಳಿಂದ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಈ ಮಂದೆಗಳು ಆಂಗ್ಲರ ವಶವಾದುವು. ೧೮೬೦ರಲ್ಲಿ ಮಿತವ್ಯಯದ ನೆವದಿಂದ ಅವುಗಳನ್ನು ಮಾರಿಬಿಡಲಾಯಿತು. ಕೆಲವೇ ವರ್ಷಗಳಲ್ಲಿ ಆ ತಪ್ಪು ತಿಳಿದು ಮಂದೆಯನ್ನು ಪುನಃ ಕೂಡಿಸಬೇಕಾಯಿತು. ಅನಂತರ ಅದು ಮೈಸೂರು ಸರ್ಕಾರದ ಕೈಗೆ ಬಂದು, ಇಪ್ಪತ್ತನೆಯ ಶತಮಾನದಲ್ಲಿ ಅಜ್ಜಂಪುರವು ಈ ತಳಿಯ ಸಂವರ್ಧನೆಗೆ ಮುಖ್ಯ ಸ್ಥಾನವಾಯಿತು.

ಈ ಮಂದೆಗಳನ್ನು ಮೇಯಿಸುತ್ತಿದ್ದ ಕ್ರಮವು ಇಲ್ಲಿಯ ವಿಚಾರಕ್ಕೆ ಮುಖ್ಯವಾದುದು. ಕಾವಲುಗಳಲ್ಲಿ ಮಳೆಗಾಲದವು, ಚಳಿಗಾಲದವು, ಬೇಸಗೆಯವು ಎಂದು ಮೂರು ಬಗೆಯಿದ್ದುವು. ಹುಲ್ಲು ಮುಗಿದಂತೆಲ್ಲ ಸೇರ್ವೆಗಾರರ ಮೇಲ್ವಿಚಾರಣೆಯಲ್ಲಿ ಮಂದೆಗಳು ಒಂದು ಕಾವಲಿನಿಂದ ಇನ್ನೊಂದಕ್ಕೆ, ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ನಡೆಯುತ್ತಿದ್ದುವು. ಬಯಲುಸೀಮೆಯಲ್ಲಿ ದನವು ಬದುಕುವುದಕ್ಕೆ ಈ ಸಂಚಾರವೇ ಉಪಾಯವಾಗಿತ್ತು. ಆದರೆ ದನದ ಶತ್ರುವೂ ಸಂಚರಿಸುತ್ತಿದ್ದುದು ಇದೇ ದಾರಿಯಲ್ಲಿಯೇ.

೨

ಆ ಶತ್ರುವನ್ನು ಕನ್ನಡನಾಡಿನ ಒಕ್ಕಲಮಕ್ಕಳು ‘ದೊಡ್ಡರೋಗ’ವೆಂದು ಕರೆಯುತ್ತಿದ್ದರು. ಐರೋಪ್ಯರು ಅದನ್ನು ರಿಂಡರ್‌ಪೆಸ್ಟ್ ಎಂದರು. ಜ್ವರವು ಮೊದಲು; ಆಮೇಲೆ ಕಣ್ಣು ಮೂಗುಗಳಲ್ಲಿ ಸೋರುವಿಕೆ; ಬಾಯಲ್ಲಿ ಹುಣ್ಣು; ಕಡೆಗೆ ನಿಲ್ಲದ ಭೇದಿ. ರೋಗವನ್ನು ಹಿಂದೆಂದೂ ಕಾಣದ ಮಂದೆಯಲ್ಲಿ ಅದು ಹೊಕ್ಕರೆ ಹತ್ತರಲ್ಲಿ ಎಂಟು ಒಂಬತ್ತು ದನಗಳು ಎರಡು ವಾರದೊಳಗೆ ಸಾಯುವುದುಂಟು. ಇತರ ಬೇನೆಗಳಿಗೆ ಚಪ್ಪೆ, ನೆರಡಿ, ಕಾಲುಬಾಯಿ ಎಂದು ಲಕ್ಷಣವನ್ನೋ ಅಂಗವನ್ನೋ ಹಿಡಿದು ಹೆಸರಿಟ್ಟ ಜನರು ಇದನ್ನು ಮಾತ್ರ ‘ದೊಡ್ಡದು’ ಎಂದು ಬಿಟ್ಟಿರುವುದರಲ್ಲಿಯೇ ಅವರ ಅನುಭವವು ಅಡಗಿದೆ. ಉಳುವ ಎತ್ತು ಸತ್ತರೆ ಹೊಲವು ಬೀಳಾಗುತ್ತಿತ್ತು. ಹೊಲವು ಬೀಳಾದರೆ ಸಾಲವು, ಸಾಲದಿಂದ ಭೂಮಿಯ ನಷ್ಟವು. ದನದ ರೋಗವು ಹೀಗೆ ಮನೆಯ ರೋಗವಾಗುತ್ತಿತ್ತು.

ಈ ಪಿಡುಗು ಭರತಖಂಡಕ್ಕೆ ಮಾತ್ರ ಮೀಸಲಾಗಿದ್ದುದಲ್ಲ. ಹದಿನೆಂಟನೆಯ ಶತಮಾನದಲ್ಲಿ ಯೂರೋಪಿನ ಗೋಸಂತತಿಯು ಇದರಿಂದ ಹಾಳಾಯಿತು. ೧೭೬೧ರಲ್ಲಿ ಫ್ರಾನ್ಸಿನ ಲಿಯಾನ್ ನಗರದಲ್ಲಿ ಜಗತ್ತಿನ ಮೊದಲನೆಯ ಪಶುವೈದ್ಯಶಾಲೆಯು ಹುಟ್ಟುವುದಕ್ಕೆ ಈ ರೋಗದ ಭಯವೇ ಒಂದು ಪ್ರಬಲ ಕಾರಣವಾಗಿತ್ತು. ೧೮೯೦ರ ದಶಕದಲ್ಲಿ ಆಫ್ರಿಕ ಖಂಡವನ್ನು ಉತ್ತರದಿಂದ ದಕ್ಷಿಣದವರೆಗೆ ಅದು ದಹಿಸಿತು. ಭಾರತದಲ್ಲಿ ಹ್ಯಾಲೆನ್ನನ ನೇತೃತ್ವದ ಆಯೋಗವು ದನಗಳ ಮಾರಿಗಳನ್ನು ಕುರಿತು ೧೮೭೧ರಲ್ಲಿ ವರದಿ ಮಾಡಿತು. ೧೮೮೯ರಲ್ಲಿ ಪುಣೆಯಲ್ಲಿ ಆರಂಭವಾದ ಬ್ಯಾಕ್ಟೀರಿಯ ಸಂಶೋಧನಾಲಯವು ೧೮೯೩ರಲ್ಲಿ ಹಿಮಾಲಯದ ಮುಕ್ತೇಶ್ವರಕ್ಕೆ ಸ್ಥಳಾಂತರ ಹೊಂದಿತು. ಊರು ಮಂದೆಗಳಿಂದ ದೂರವಾದ ತಂಪಾದ ಬೆಟ್ಟದಲ್ಲಿ ಅಪಾಯಕರವಾದ ರೋಗಬೀಜಗಳನ್ನು ಇಟ್ಟುಕೊಂಡು ಕೆಲಸಮಾಡಬಹುದೆಂಬುದು ಈ ಸ್ಥಳಾಂತರದ ಉದ್ದೇಶ.

೩

ಈ ಕಾಲದಲ್ಲಿಯೇ ಯೂರೋಪಿನಲ್ಲಿ ಒಂದು ದೊಡ್ಡ ವಾದವು ನಡೆಯುತ್ತಿದ್ದಿತು. ಒಮ್ಮೆ ರೋಗದಿಂದ ಪಾರಾದ ಪ್ರಾಣಿಗೆ ಅದೇ ರೋಗವು ಮತ್ತೆ ಬಾರದಿರುವುದನ್ನು ಜನರು ಎಲ್ಲೆಲ್ಲಿಯೂ ಕಂಡಿದ್ದರು. ಆ ರಕ್ಷಣೆಯು ಶರೀರದಲ್ಲಿ ಎಲ್ಲಿ ನೆಲಸಿದೆಯೆಂಬುದೇ ಪ್ರಶ್ನೆ.

ರಷ್ಯದ ಪ್ರಾಣಿಶಾಸ್ತ್ರಜ್ಞನಾದ ಮೆಚ್ನಿಕಾಫನು ೧೮೮೨ರಲ್ಲಿ ಇಟಲಿಯ ಮೆಸ್ಸೀನದಲ್ಲಿದ್ದಾಗ, ನಕ್ಷತ್ರಮೀನಿನ ಪಾರದರ್ಶಕವಾದ ಮರಿಗಳ ಶರೀರದಲ್ಲಿ ಗುಲಾಬಿಯ ಮುಳ್ಳುಗಳನ್ನು ಚುಚ್ಚಿ ಸೂಕ್ಷ್ಮದರ್ಶಕದಿಂದ ನೋಡಿದನು. ಮರುದಿನ ಬೆಳಗ್ಗೆ ಸಂಚಾರಶಕ್ತಿಯುಳ್ಳ ಜೀವಕಣಗಳು ಆ ಮುಳ್ಳಿನ ಸುತ್ತಲೂ ಮುತ್ತಿದ್ದುವು. ಹೊರಗಿನಿಂದ ನುಗ್ಗಿದ ವಸ್ತುವನ್ನು ನುಂಗಿ ಅರಗಿಸಿಕೊಳ್ಳುವ ಈ ಕಣಗಳಿಗೆ ಭಕ್ಷಕಗಳೆಂಬ ಅರ್ಥದ ಹೆಸರು ಬಂತು. ಅವುಗಳಲ್ಲಿ ದೊಡ್ಡವು ‘ಮ್ಯಾಕ್ರೋಫೇಜ್’, ಎಂದರೆ ಮಹಾಭಕ್ಷಕಗಳು. ರಕ್ಷಣೆಯೆಂಬುದು ಈ ಕಣಗಳ ಕಾರ್ಯವೆಂದು ಅವನ ಸಿದ್ಧಾಂತ.

ಜರ್ಮನಿಯವರು ಇದನ್ನು ಒಪ್ಪಲಿಲ್ಲ. ೧೮೯೦ರಲ್ಲಿ ಬೇರಿಂಗ್ ಮತ್ತು ಕಿಟಸಾಟೊ ಎಂಬವರು, ಧನುರ್ವಾಯುವಿನ ವಿಷವನ್ನು ಸಹಿಸುವಂತೆ ಮಾಡಿದ ಪ್ರಾಣಿಯ ರಕ್ತರಸವನ್ನು ಮತ್ತೊಂದು ಪ್ರಾಣಿಗೆ ಚುಚ್ಚಿದರೆ ಅದಕ್ಕೂ ರಕ್ಷಣೆ ಬರುವುದೆಂದು ತೋರಿಸಿದರು. ರಕ್ತರಸದಲ್ಲಿ ಜೀವಕಣಗಳಿಲ್ಲ, ಆದುದರಿಂದ ರಕ್ಷಣೆಯು ದ್ರವದಲ್ಲಿಯೇ ಇರತಕ್ಕುದೆಂದು ಅವರ ವಾದ. ೧೯೦೮ರಲ್ಲಿ ನೊಬೆಲ್ ಬಹುಮಾನವನ್ನು ಕಣವಾದಿಯಾದ ಮೆಚ್ನಿಕಾಫನಿಗೂ ದ್ರವವಾದಿಯಾದ ಏರ್ಲಿಖನಿಗೂ ಹಂಚಿಕೊಟ್ಟುದರಿಂದ ಇಬ್ಬರಿಗೂ ಮನ್ನಣೆ ದೊರೆಯಿತೇ ಹೊರತು ವಾದವು ತೀರಲಿಲ್ಲ.

ಕಾರ್ಯಕ್ಷೇತ್ರದಲ್ಲಿ ಮಾತ್ರ ಬಹುಕಾಲ ದ್ರವವಾದಕ್ಕೇ ಜಯವಾಯಿತು. ಮಹಾಭಕ್ಷಕವನ್ನು ಸೀಸೆಯಲ್ಲಿ ತುಂಬಿ ಹಳ್ಳಿಗೆ ಕಳುಹಿಸುವುದು ಸಾಧ್ಯವಿರಲಿಲ್ಲ. ರಕ್ತರಸವನ್ನು ಕಳುಹಿಸುವುದು ಸಾಧ್ಯವಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ೧೯೨೫ರಲ್ಲಿ, ಬೆಂಗಳೂರಿನ ಹೆಬ್ಬಾಳದಲ್ಲಿ ಸ್ಥಾಪಿತವಾದ ಸೀರಂ ಸಂಸ್ಥೆಯ ಉದ್ದೇಶವು ದೊಡ್ಡರೋಗಕ್ಕೆ ಪ್ರತಿಯಾದ ರಕ್ತರಸವನ್ನು ತಯಾರಿಸುವುದೇ ಆಗಿತ್ತು. ಇದೇ ಸಂಸ್ಥೆಯು ಇಂದು ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯೆಂಬ ಹೆಸರಿನಿಂದಿದೆ.

ರಕ್ತರಸದ ತಯಾರಿಕೆಯ ಕ್ರಮವು ಹೀಗೆ: ರೋಗದಿಂದ ಪಾರಾದ, ಇಲ್ಲವೆ ಕೃತಕವಾಗಿ ರಕ್ಷಿತವಾದ ದನಕ್ಕೆ ರೋಗಪೂರಿತವಾದ ರಕ್ತವನ್ನು ಹೆಚ್ಚಿನ ಪ್ರಮಾಣದಲ್ಲಿ ಚುಚ್ಚುವರು. ಅದರ ಶರೀರದಲ್ಲಿ ಪ್ರತಿವಸ್ತುವು ಬಹಳವಾಗಿ ಹುಟ್ಟಿದ ಮೇಲೆ ರಕ್ತವನ್ನು ತೆಗೆದು, ಹೆಪ್ಪುಗಟ್ಟುವ ಭಾಗವನ್ನು ಬೇರ್ಪಡಿಸಿ, ತಿಳಿಯಾದ ರಸವನ್ನು ಸೀಸೆಗಳಲ್ಲಿ ತುಂಬುವರು. ರೋಗವು ಕಾಣಿಸಿಕೊಂಡ ಮಂದೆಗೆ ಇದನ್ನು ಚುಚ್ಚಿದರೆ ಕೂಡಲೇ ರಕ್ಷಣೆಯುಂಟು. ಆದರೆ ಎರವಲು ತಂದ ಈ ರಕ್ಷಣೆಯು ಕೆಲವು ವಾರಗಳಿಗಿಂತ ಹೆಚ್ಚಾಗಿ ನಿಲ್ಲುತ್ತಿರಲಿಲ್ಲ. ಶಾಶ್ವತವಾದ ಫಲ ಬೇಕಾದರೆ ರಕ್ತರಸವನ್ನೂ ಜೀವಂತವಾದ ರೋಗಬೀಜವನ್ನೂ ಒಟ್ಟಿಗೆ ಕೊಡಬೇಕಾಗಿತ್ತು. ಪ್ರಮಾಣವು ತಪ್ಪಿದರೆ ವೈದ್ಯನೇ ರೋಗವನ್ನು ತಂದಂತಾಗುವುದು. ಹಟ್ಟಿಯ ಜನರು ಸೂಜಿಗೆ ಅಂಜಿದುದು ಕೇವಲ ಅಜ್ಞಾನವಲ್ಲವೆಂಬುದನ್ನು ಇಲ್ಲಿ ನೆನೆಯತಕ್ಕುದು.

ಮುಂದಿನ ಹೆಜ್ಜೆಯು ಮುಕ್ತೇಶ್ವರದಲ್ಲಿ ಇಡಲ್ಪಟ್ಟಿತು. ಎಡ್ವರ್ಡ್ಸ್ ಎಂಬ ವಿಜ್ಞಾನಿಯು ೧೯೨೦ರ ದಶಕದಲ್ಲಿ ರೋಗಬೀಜವನ್ನು ಆಡಿನಿಂದ ಆಡಿಗೆ ಅನೇಕ ಬಾರಿ ದಾಟಿಸಿ, ಬಯಲುನಾಡಿನ ದನಗಳನ್ನು ಕೊಲ್ಲದೆ ರಕ್ಷಣೆಯನ್ನು ಮಾತ್ರ ಕೊಡುವ ಲಸಿಕೆಯನ್ನು ಪಡೆದನು. ೧೯೫೪ರಲ್ಲಿ ಭಾರತದಲ್ಲಿ ರೋಗನಿರ್ಮೂಲನದ ರಾಷ್ಟ್ರೀಯ ಯೋಜನೆಯು ಆರಂಭವಾದಾಗ ಈ ಆಡಿನ ಲಸಿಕೆಯೇ ಮುಖ್ಯ ಸಾಧನವಾಯಿತು. ೧೯೬೦ರ ಸುಮಾರಿಗೆ ಕೀನ್ಯದಲ್ಲಿ ಪ್ಲೌರೈಟ್ ಎಂಬವನು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕಣಗಳಲ್ಲಿಯೇ ಲಸಿಕೆಯನ್ನು ತಯಾರಿಸಿದನು. ಭಾರತದ ಕಡೆಯ ರೋಗಪ್ರಕರಣವು ೧೯೯೫ರಲ್ಲಿ. ಜಗತ್ತಿನ ಕಡೆಯದು ೨೦೦೧ರಲ್ಲಿ, ಕೀನ್ಯದಲ್ಲಿ. ೨೦೧೧ರಲ್ಲಿ ದೊಡ್ಡರೋಗವು ಭೂಮಿಯಿಂದ ಅಳಿಯಿತೆಂದು ಘೋಷಿಸಲ್ಪಟ್ಟಿತು. ಮನುಷ್ಯಪ್ರಯತ್ನದಿಂದ ಅಳಿದ ರೋಗಗಳು ಎರಡೇ: ಸಿಡುಬು ಮೊದಲನೆಯದು, ಇದು ಎರಡನೆಯದು.

೪

ರೋಗವು ಅಳಿದರೂ ಅದರ ಕುಲವು ಅಳಿಯಲಿಲ್ಲ. ಮನುಷ್ಯರ ದಡಾರ, ನಾಯಿಗಳ ಡಿಸ್ಟೆಂಪರ್, ದನಗಳ ದೊಡ್ಡರೋಗ, ಈ ಮೂರನ್ನೂ ಉಂಟುಮಾಡುವ ವೈರಸ್ಸುಗಳು ಒಂದೇ ವಂಶದವು. ನಾಯಿಯ ರೋಗವು ವೈರಸ್ಸಿನಿಂದ ಬರುವುದೆಂದು ಫ್ರಾನ್ಸಿನ ಕಾರೇ ಎಂಬವನು ೧೯೦೫ರಲ್ಲಿ ತೋರಿಸಿದ್ದನು. ಒಂದರಿಂದ ಪಾರಾದ ಪ್ರಾಣಿಯ ರಕ್ತರಸವು ಇನ್ನೊಂದರ ವೈರಸ್ಸನ್ನೂ ಸ್ವಲ್ಪಮಟ್ಟಿಗೆ ತಡೆಯುವುದೆಂಬುದು ೧೯೫೦ರ ದಶಕದಲ್ಲಿ ಸ್ಪಷ್ಟವಾಯಿತು. ಕಾವಲಿನ ದನವನ್ನು ಕೊಂದ ರೋಗಕ್ಕೂ, ಆ ದನವನ್ನು ಕಾಯುತ್ತಿದ್ದ ಹಟ್ಟಿಯ ನಾಯಿಯನ್ನು ಕೊಂದ ರೋಗಕ್ಕೂ ದಾಯಾದಿ ಸಂಬಂಧವಿದ್ದುದು ಹೀಗೆ ತಿಳಿದುಬಂತು. ನಾಯಿಯ ರೋಗದ ಬಲವು ಇಂದಿಗೂ ಕುಂದಿಲ್ಲ; ೨೦೧೮ರಲ್ಲಿ ಗುಜರಾತಿನ ಗೀರ್ ಅರಣ್ಯದಲ್ಲಿ ಸತ್ತ ಸಿಂಹಗಳಲ್ಲಿ ಈ ವೈರಸ್ಸು ಕಂಡುಬಂದಿತು.

ಈ ವೈರಸ್ಸುಗಳು ಶರೀರವನ್ನು ಯಾವ ಬಾಗಿಲಿನಿಂದ ಹೊಗುತ್ತವೆ? ಜಪಾನಿನ ಯಾನಗಿ ಮತ್ತು ಅವರ ಸಹೋದ್ಯೋಗಿಗಳು ೨೦೦೦ದಲ್ಲಿ ದಡಾರದ ವಿಷಯದಲ್ಲಿಯೂ, ಮರುವರ್ಷ ನಾಯಿಯ ರೋಗ ಮತ್ತು ದೊಡ್ಡರೋಗಗಳ ವಿಷಯದಲ್ಲಿಯೂ ಇದಕ್ಕೆ ಉತ್ತರವನ್ನಿತ್ತರು. ರಕ್ಷಣಾ ಕಾರ್ಯಕ್ಕೆ ಎಚ್ಚೆತ್ತ ಜೀವಕಣಗಳ ಮೇಲೆ ‘ಸ್ಲಾಮ್’ ಎಂಬ ಒಂದು ಪ್ರೋಟೀನಿದೆ. ವೈರಸ್ಸು ಹಿಡಿದುಕೊಳ್ಳುವುದು ಅದನ್ನೇ. ಎಚ್ಚೆತ್ತ ಮಹಾಭಕ್ಷಕವೂ ಇಂತಹ ಕಣಗಳಲ್ಲೊಂದು. ಮೆಚ್ನಿಕಾಫನು ಕಾವಲುಗಾರನೆಂದು ಕಂಡ ಕಣವೇ ಶತ್ರುವಿಗೆ ಬಾಗಿಲೂ ಆಗಿತ್ತೆಂದು ಇದರಿಂದ ಸಿದ್ಧವಾಗುತ್ತದೆ. ಇದಕ್ಕೆ ಸದೃಶವಾದ ನಿದರ್ಶನವು ದಕ್ಷಿಣದಲ್ಲಿಯೇ ಮೊದಲು ದೊರೆತಿತ್ತು. ೧೯೦೩ರಲ್ಲಿ ಮದರಾಸಿನಲ್ಲಿದ್ದ ಡೊನೊವನ್ ಕಾಲಾ-ಅಜಾರ್ ರೋಗಿಯಲ್ಲಿ ಕಂಡ ಪರೋಪಜೀವಿಯು ಮಹಾಭಕ್ಷಕದ ಒಳಗೇ ಮನೆಮಾಡಿಕೊಳ್ಳತಕ್ಕುದು. ಮೆಡಿಟರೇನಿಯನ್ ತೀರದಲ್ಲಿ ಇದರ ಸಮೀಪಜಾತಿಗೆ ನಾಯಿಯೇ ಆಶ್ರಯ.

ಆದುದರಿಂದ ನಾಯಿಯ ಮಹಾಭಕ್ಷಕವನ್ನು ಶರೀರದ ಹೊರಗೆ ಬೆಳೆಸಿ ಪರೀಕ್ಷಿಸಬೇಕೆಂಬುದು ಕುತೂಹಲದ ಮಾತಲ್ಲ, ಅವಶ್ಯಕತೆಯ ಮಾತು. ಇಲ್ಲಿಯೇ ದ್ರವವಾದ ಕಣವಾದಗಳು ಒಂದನ್ನೊಂದು ಸಂಧಿಸುತ್ತವೆ.

೫

೧೯೬೫–೬೬ರಲ್ಲಿ ಇಸ್ರೇಲಿನಲ್ಲಿ ಪ್ಲುಜ್ನಿಕ್ ಮತ್ತು ಸಾಕ್ಸ್, ಆಸ್ಟ್ರೇಲಿಯದಲ್ಲಿ ಬ್ರಾಡ್ಲಿ ಮತ್ತು ಮೆಟ್‌ಕಾಫ್, ಅಸ್ಥಿಮಜ್ಜೆಯ ಕಣಗಳನ್ನು ಮೆದುವಾದ ಅಗರಿನಲ್ಲಿಟ್ಟು ಬೆಳೆಸಿದರು. ಬೇರೆ ಜೀವಕಣಗಳಿಂದ ಸ್ರವಿಸುವ ಯಾವುದೋ ಒಂದು ವಸ್ತುವು ದೊರೆತರೆ ಮಾತ್ರ ಅವು ಗುಂಪುಗುಂಪಾಗಿ ಬೆಳೆದು ಮಹಾಭಕ್ಷಕಗಳೂ ಇತರ ಬಿಳಿಯ ಕಣಗಳೂ ಆಗುತ್ತಿದ್ದುವು, ಇಲ್ಲವಾದರೆ ಸಾಯುತ್ತಿದ್ದುವು. ಕಣಕ್ಕೆ ಆಜ್ಞೆಯನ್ನು ಕೊಡುವುದು ದ್ರವದಲ್ಲಿ ಕರಗಿದ ವಸ್ತು. ಆ ವಸ್ತುವನ್ನು ಹುಟ್ಟಿಸುವುದು ಮತ್ತೊಂದು ಕಣ. ಅರ್ಧಶತಮಾನಕ್ಕೂ ಹೆಚ್ಚಾಗಿ ನಡೆದ ವಾದದಲ್ಲಿ ಎರಡು ಪಕ್ಷವೂ ಅರ್ಧ ನಿಜವನ್ನು ಹಿಡಿದಿದ್ದಿತೆಂದು ಇದರಿಂದ ಹೊರಪಟ್ಟಿತು. ಇಂತಹ ಸಂದೇಶವಸ್ತುಗಳಿಗೆ ೧೯೭೪ರಲ್ಲಿ ಸ್ಟಾನ್ಲಿ ಕೊಹೆನ್ ‘ಸೈಟೊಕೈನ್’ ಎಂಬ ಹೆಸರನ್ನಿತ್ತನು. ಮಹಾಭಕ್ಷಕವನ್ನು ಬೆಳೆಸುವ ಸೈಟೊಕೈನ್‌ಗಳು ಒಂದು ಬಗೆಯವು. ಗಾಮಾ ಇಂಟರ್‌ಫೆರಾನಿನಂತೆ ಬೆಳೆದ ಮಹಾಭಕ್ಷಕವನ್ನು ಕೆರಳಿಸಿ ನುಂಗಿದ ಶತ್ರುವನ್ನು ಕೊಲ್ಲುವಂತೆ ಮಾಡತಕ್ಕವು ಇನ್ನೊಂದು ಬಗೆಯವು.

ಶರೀರದಲ್ಲಿ ಈ ವಸ್ತುಗಳು ಅತ್ಯಲ್ಪವಾಗಿರುತ್ತವೆ. ಹೆಬ್ಬಾಳದಲ್ಲಿ ದನದ ರಕ್ತದಿಂದ ಪ್ರತಿವಸ್ತುವನ್ನು ಪಡೆದಂತೆ ಇವುಗಳನ್ನು ರಕ್ತದಿಂದ ಪಡೆಯಹೊರಟರೆ ಪ್ರಾಣಿಗಳು ಸಾಕಾಗವು. ಈ ಕಷ್ಟವು ೧೯೭೩ರಲ್ಲಿ ಕೊಹೆನ್ ಮತ್ತು ಬಾಯರ್ ಕಂಡುಹಿಡಿದ ಜೀನುಗಳ ಪುನಸ್ಸಂಯೋಜನ ವಿಧಾನದಿಂದ ಪರಿಹಾರವಾಯಿತು. ಬೇಕಾದ ಪ್ರೋಟೀನಿನ ಜೀನನ್ನು ಬ್ಯಾಕ್ಟೀರಿಯದೊಳಗೆ ಸೇರಿಸಿದರೆ, ಅದು ತನ್ನ ಸಂತತಿಯೊಡನೆ ಆ ಪ್ರೋಟೀನನ್ನೂ ಹೆಚ್ಚಿಸುತ್ತದೆ. ೧೯೮೪–೮೫ರ ಹೊತ್ತಿಗೆ ಇಲಿಯ ಮತ್ತು ಮನುಷ್ಯನ ಮಹಾಭಕ್ಷಕ ವರ್ಧಕಗಳ ಜೀನುಗಳು ಕೈಸೇರಿದ್ದುವು.

ಹಾಗಾದರೆ ಮನುಷ್ಯನ ವಸ್ತುವನ್ನೇ ನಾಯಿಗೆ ಏಕೆ ಉಪಯೋಗಿಸಬಾರದು? ಈ ಪ್ರಶ್ನೆಗೆ ಅನುಭವವೇ ಕಠಿಣವಾದ ಉತ್ತರವನ್ನು ಕೊಟ್ಟಿತು. ಬಿಳಿಯ ಕಣಗಳನ್ನು ಹೆಚ್ಚಿಸುವ ಮಾನವ ಸೈಟೊಕೈನೊಂದನ್ನು ನಾಯಿಗಳಿಗೆ ಚುಚ್ಚಿದಾಗ ಮೊದಲು ಕಣಗಳು ಹೆಚ್ಚಿದುವು. ಕೆಲವು ವಾರಗಳಲ್ಲಿ ನಾಯಿಯ ಶರೀರವು ಅದನ್ನು ಪರಕೀಯವೆಂದು ಗುರುತಿಸಿ ಪ್ರತಿವಸ್ತುವನ್ನು ಹುಟ್ಟಿಸಿತು. ಆ ಪ್ರತಿವಸ್ತುವು ನಾಯಿಯ ಸ್ವಂತ ಸೈಟೊಕೈನನ್ನೂ ಬಂಧಿಸಿಬಿಟ್ಟಿತು. ಕಣಗಳ ಸಂಖ್ಯೆಯು ಮೊದಲಿಗಿಂತಲೂ ಕೆಳಗಿಳಿಯಿತು. ೧೯೯೧ರಲ್ಲಿ ಪ್ರಕಟವಾದ ಈ ಸಂಶೋಧನೆಯು, ಹಿತವೆಂದು ಕೊಟ್ಟ ಅನ್ಯಜಾತಿಯ ವಸ್ತುವು ಸ್ವಜಾತಿಯ ವಸ್ತುವನ್ನೂ ಹಾಳುಮಾಡಬಲ್ಲುದೆಂದು ತೋರಿಸಿತು. ಗಾಮಾ ಇಂಟರ್‌ಫೆರಾನಿನಲ್ಲಿಯಂತೂ ಜಾತಿಭೇದವು ಮತ್ತೂ ಪ್ರಬಲವಾದುದು. ಮನುಷ್ಯನ ವಸ್ತುವಿಗೆ ಇಲಿಯ ಕಣವು ಓಗೊಡುವುದಿಲ್ಲ.

ಅದೇ ೧೯೯೧ರಲ್ಲಿ ಅಮೆರಿಕದ ಸಿಯಾಟಲ್ ನಗರದ ನ್ಯಾಶ್ ಮತ್ತು ಅವನ ಸಂಗಡಿಗರು ನಾಯಿಯದೇ ಆದ ಮಹಾಭಕ್ಷಕ ವರ್ಧಕದ ಜೀನನ್ನು ಪ್ರತ್ಯೇಕಿಸಿ, ತಯಾರಾದ ಪ್ರೋಟೀನನ್ನು ನಾಯಿಗಳಲ್ಲಿ ಪರೀಕ್ಷಿಸಿದರು. ಅಸ್ಥಿಮಜ್ಜೆಯ ಕಸಿಯನ್ನು ಮೊದಲು ನಾಯಿಗಳಲ್ಲಿ ಅಭ್ಯಸಿಸಿ ೧೯೯೦ರಲ್ಲಿ ನೊಬೆಲ್ ಬಹುಮಾನವನ್ನು ಪಡೆದ ಡಾನಲ್ ಥಾಮಸರು ಇದ್ದುದೂ ಆ ನಗರದಲ್ಲಿಯೇ. ೨೦೦೫ರಲ್ಲಿ ಬಾಕ್ಸರ್ ಜಾತಿಯ ಒಂದು ಹೆಣ್ಣುನಾಯಿಯ ಜೀನೋಮು ಸಮಗ್ರವಾಗಿ ಪ್ರಕಟವಾದ ಮೇಲೆ ನಾಯಿಯ ಇತರ ಸೈಟೊಕೈನ್‌ಗಳ ತಯಾರಿಕೆಯೂ ಸುಲಭವಾಯಿತು.

೬

ಈ ವಸ್ತುವಿನ ಉಪಯೋಗಕ್ರಮವನ್ನು ಸಂಕ್ಷೇಪವಾಗಿ ತಿಳಿಯುವುದು ಯುಕ್ತ. ನಾಯಿಯ ರಕ್ತವನ್ನು ಸ್ವಲ್ಪವಾಗಿ ತೆಗೆದು, ಅದರೊಳಗಿನ ಮಾನೊಸೈಟ್‌ಗಳನ್ನು ಬೇರ್ಪಡಿಸಿ, ಪೋಷಕದ್ರವವುಳ್ಳ ಪಾತ್ರೆಯಲ್ಲಿ ಇಡುವರು. ಅದಕ್ಕೆ ಸೈಟೊಕೈನನ್ನು ಗ್ರಾಮಿನ ನೂರು ಕೋಟಿಯಲ್ಲೊಂದು ಭಾಗದ ಲೆಕ್ಕದಲ್ಲಿ ಸೇರಿಸುವರು. ಸುಮಾರು ಒಂದು ವಾರದಲ್ಲಿ ಆ ಕಣಗಳು ದಪ್ಪನಾಗಿ, ಪಾತ್ರೆಯ ತಳಕ್ಕೆ ಅಂಟಿಕೊಂಡು, ನುಂಗುವ ಶಕ್ತಿಯನ್ನು ಪಡೆದು ಮಹಾಭಕ್ಷಕಗಳಾಗುತ್ತವೆ. ಆಮೇಲೆ ವೈರಸ್ಸನ್ನೋ ಪರೋಪಜೀವಿಯನ್ನೋ ಔಷಧವನ್ನೋ ಅವುಗಳ ಮೇಲೆ ಪ್ರಯೋಗಿಸಿ ನೋಡಬಹುದು. ಹೀಗೆ ಅನೇಕ ಪ್ರಶ್ನೆಗಳಿಗೆ ನಾಯಿಯನ್ನು ರೋಗಕ್ಕೆ ಗುರಿಮಾಡದೆಯೇ ಉತ್ತರವು ದೊರೆಯುತ್ತದೆ.

ಆದರೆ ಇಲ್ಲಿ ಒಂದು ಮೋಸವಿದೆ. ಸೈಟೊಕೈನನ್ನು ತಯಾರಿಸುವ ಬ್ಯಾಕ್ಟೀರಿಯದ ಹೊರಪೊರೆಯಲ್ಲಿ ಎಂಡೊಟಾಕ್ಸಿನ್ ಎಂಬ ವಿಷವಿರುತ್ತದೆ. ಮಹಾಭಕ್ಷಕವನ್ನು ಕೆರಳಿಸುವುದರಲ್ಲಿ ಇದಕ್ಕೆ ಸಮಾನವಾದ ವಸ್ತುಗಳು ವಿರಳ. ಶುದ್ಧೀಕರಣದಲ್ಲಿ ಇದರ ಲೇಶವು ಉಳಿದರೂ ಕಣವು ಕೆರಳುತ್ತದೆ. ಸಂಶೋಧಕನು ಅದನ್ನು ಸೈಟೊಕೈನಿನ ಗುಣವೆಂದು ಬರೆದಿಟ್ಟರೆ, ಅಸತ್ಯವು ಸತ್ಯದ ವೇಷದಿಂದ ಗ್ರಂಥಗಳನ್ನು ಸೇರುತ್ತದೆ. ಆದುದರಿಂದ ಸೀಸೆಯ ಮೇಲಿನ ಹೆಸರಿಗಿಂತಲೂ, ಅದರಲ್ಲಿ ಎಂಡೊಟಾಕ್ಸಿನ್ ಎಷ್ಟಿದೆಯೆಂಬ ಸಂಖ್ಯೆಯೂ, ಸೈಟೊಕೈನನ್ನು ಕಾಯಿಸಿ ಕೆಡಿಸಿದ ಮೇಲೂ ಪರಿಣಾಮವು ಉಳಿಯುವುದೇ ಎಂಬ ಪರೀಕ್ಷೆಯೂ ಮುಖ್ಯವಾದುವು. ಕಾಯಿಸಿದರೆ ಪ್ರೋಟೀನು ಕೆಡುತ್ತದೆ, ಎಂಡೊಟಾಕ್ಸಿನ್ ಬಹುಮಟ್ಟಿಗೆ ಉಳಿಯುತ್ತದೆ. ಪರಿಣಾಮವು ಹಾಗೆಯೇ ನಿಂತರೆ ಅದು ಸೈಟೊಕೈನಿನದಲ್ಲ. ಪ್ರಯೋಗಶಾಲೆಗೆಂದು ತಯಾರಾದ ಇಂತಹ ವಸ್ತುವು ಚಿಕಿತ್ಸೆಯ ಔಷಧವೂ ಅಲ್ಲ. ರಕ್ತರಸದ ಕಾಲದಲ್ಲಿ ಪ್ರಮಾಣವನ್ನು ತಪ್ಪಿಸಿದವನು ಹಟ್ಟಿಯ ದನವನ್ನು ಕೊಲ್ಲುತ್ತಿದ್ದನು. ಈ ಕಾಲದಲ್ಲಿ ಶುದ್ಧಿಯನ್ನು ತಪ್ಪಿಸಿದವನು ಜ್ಞಾನವನ್ನು ಕೆಡಿಸುತ್ತಾನೆ. ಎಚ್ಚರಿಕೆಯ ಅಗತ್ಯವು ಎರಡರಲ್ಲಿಯೂ ಒಂದೇ.

ಪುನಸ್ಸಂಯೋಜನ ವಿಧಾನವು ಕನ್ನಡನಾಡಿಗೆ ಹೊರಗಿನಿಂದ ಬಂದ ಸುದ್ದಿಯಾಗಿಯೇ ನಿಲ್ಲಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ಎಸ್. ಶೈಲಾ ಮತ್ತು ಜಿ. ಲಕ್ಷ್ಮೀಸೀತಾ ಅವರೂ ಅವರ ಸಹೋದ್ಯೋಗಿಗಳೂ ದೊಡ್ಡರೋಗದ ವೈರಸ್ಸಿನ ಹೊರಮೈಯ ಒಂದು ಪ್ರೋಟೀನಿನ ಜೀನನ್ನು ಕಡಲೆಕಾಯಿಯ ಗಿಡಕ್ಕೂ ತೊಗರಿಯ ಗಿಡಕ್ಕೂ ಸೇರಿಸಿದರು. ಆ ಕಡಲೆಕಾಯಿಯ ಸೊಪ್ಪನ್ನು ತಿಂದ ದನಗಳಲ್ಲಿ ಆ ಪ್ರೋಟೀನಿಗೆ ಪ್ರತಿವಸ್ತುವು ಹುಟ್ಟಿತೆಂದು ೨೦೦೩ರಲ್ಲಿ ಪ್ರಕಟಿಸಿದರು. ದನವು ಮೇವಿನ ಮೂಲಕವೇ ರಕ್ಷಣೆಯನ್ನು ಪಡೆಯಬಹುದೆಂಬ ಈ ವಿಚಾರವು ಕಾವಲುಗಳ ನಾಡಿನಲ್ಲಿ ಹುಟ್ಟಿದುದು ಉಚಿತವೇ ಆಗಿದೆ. ಆ ಹೊತ್ತಿಗೆ ರೋಗವೇ ಕಣ್ಮರೆಯಾಗಿದ್ದುದರಿಂದ ಅದು ಹೊಲಕ್ಕೆ ಇಳಿಯಲಿಲ್ಲ. ದೊರೆತ ಜ್ಞಾನವು ಮಾತ್ರ ಉಳಿಯಿತು.

೭

ಮೇಲಣ ವಿಚಾರದಿಂದ ಹೊರಡುವ ಅಂಶಗಳು ಮೂರು. ಮೊದಲನೆಯದು: ಶರೀರದ ರಕ್ಷಣೆಯನ್ನು ಕುರಿತ ದ್ರವವಾದವೂ ಕಣವಾದವೂ ಪರಸ್ಪರ ವಿರೋಧಿಗಳಲ್ಲ, ಸೈಟೊಕೈನ್ ಎಂಬುದು ಅವೆರಡರ ಸಂಧಿಸ್ಥಾನ. ಎರಡನೆಯದು: ೧೯೨೫ರ ಹೆಬ್ಬಾಳದ ರಕ್ತರಸದಿಂದ ೧೯೯೧ರ ನಾಯಿಯ ಸೈಟೊಕೈನಿನವರೆಗೆ ನಡೆದ ದಾರಿಯಲ್ಲಿ, ರಕ್ಷಕವಸ್ತುವನ್ನು ಪ್ರಾಣಿಯ ರಕ್ತದಿಂದ ಬಸಿದುಕೊಳ್ಳುವ ಕ್ರಮವು ಕಡಮೆಯಾಗುತ್ತ ಬಂದಿದೆ, ಆದರೆ ಪ್ರಾಣಿಯ ಋಣವು ತೀರಿಲ್ಲ. ರಕ್ತವನ್ನಿತ್ತ ದನ, ವೈರಸ್ಸನ್ನು ಮೆದುಗೊಳಿಸಿದ ಆಡು, ಮಜ್ಜೆಯನ್ನಿತ್ತ ನಾಯಿ, ಇವುಗಳಿಲ್ಲದೆ ಇಂದಿನ ಸೀಸೆಯಿಲ್ಲ. ಮೂರನೆಯದು: ಒಂದು ಜಾತಿಗೆ ಹಿತವಾದುದು ಇನ್ನೊಂದಕ್ಕೂ ಹಿತವೆಂದು ಪರೀಕ್ಷೆಯಿಲ್ಲದೆ ನಂಬತಕ್ಕುದಲ್ಲ.

ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ೨೦೧೧ರಲ್ಲಿ ಸಂರಕ್ಷಿತ ಪ್ರದೇಶವಾಗಿ ಘೋಷಿತವಾಯಿತು. ಅಲ್ಲಿ ಈಗ ಕೃಷ್ಣಮೃಗಗಳು ಮೇಯುತ್ತವೆ. ದೊಡ್ಡರೋಗವು ಭೂಮಿಯಿಂದ ಅಳಿದುದೂ ಅದೇ ವರ್ಷ. ಸಿಂಗಟಗೆರೆಯ ಸುತ್ತಿನ ಹಳ್ಳಿಗಳಲ್ಲಿ ಇಂದು ಹುಟ್ಟಿದ ಕರುವು ಆ ರೋಗವನ್ನು ಕಾಣದು. ಅದನ್ನು ಸಾಕುವ ಮಗುವಿಗೆ ಅದರ ಹೆಸರೂ ತಿಳಿಯದು. ಭಯವು ಮರೆತುಹೋಗುವುದು ಶುಭವೇ. ಆದರೆ ಆ ಭಯವನ್ನು ಕಳೆದ ಪ್ರಯತ್ನವನ್ನು ಮರೆಯುವುದು ಶುಭವಲ್ಲ.